ಹೈಸ್ಕೂಲಿನಲ್ಲೇ ಕಾಲೇಜ್ ಕ್ರೆಡಿಟ್: ಯಾವುದು ಡಿಗ್ರಿಗೆ ಅಂಟುತ್ತೆ, ಯಾವುದು ಉದುರಿಹೋಗುತ್ತೆ?

ಕೆರೆದಂಡೆ

ಅಮೆರಿಕದಲ್ಲಿ ಮಕ್ಕಳನ್ನ ಓದಿಸ್ತಿರೋ ನಮ್ಮವರ ವಾಟ್ಸಾಪ್ ಗುಂಪುಗಳಲ್ಲಿ ಫೆಬ್ರವರಿ ಬಂತು ಅಂದ್ರೆ ಇದೊಂದೇ ಮಾತು. ಮುಂದಿನ ವರ್ಷಕ್ಕೆ ಎಷ್ಟು ಎಪಿ (ಅಡ್ವಾನ್ಸ್‌ಡ್ ಪ್ಲೇಸ್‌ಮೆಂಟ್, ಹೈಸ್ಕೂಲಿನಲ್ಲೇ ಬರೆಯೋ ಕಾಲೇಜ್ ಮಟ್ಟದ ಪರೀಕ್ಷೆ, 5ಕ್ಕೆ ಅಂಕ), ಕಮ್ಯುನಿಟಿ ಕಾಲೇಜಿಗೆ (ಎರಡು ವರ್ಷದ ಸ್ಥಳೀಯ ಸರ್ಕಾರಿ ಕಾಲೇಜು) ಹಾಕ್ಬೇಕಾ ಬೇಡ್ವಾ. ಒಬ್ಬರು "ಹತ್ತು ಎಪಿ ಬರೆದ್ರೆ ಒಂದೂವರೆ ವರ್ಷದ ಫೀಸು ಉಳೀತು" ಅಂತಾರೆ. ಇನ್ನೊಬ್ಬರು "ಅದೆಲ್ಲ ದಂಡ, ಒಂದು ಕ್ರೆಡಿಟ್ಟೂ ಲೆಕ್ಕಕ್ಕೆ ಬರಲ್ಲ" ಅಂತಾರೆ. ಯಾರದ್ದು ಸರಿ? ಹತ್ತನೇ ಗ್ರೇಡಿನ ಮಗು, ಇಂಜಿನಿಯರಿಂಗ್ ಅಥವಾ ಕಂಪ್ಯೂಟರ್ ಸೈನ್ಸ್ ಕಡೆ ಒಲವು, ಊರು ಕ್ಯಾಲಿಫೋರ್ನಿಯಾ ಅಂತ ಇಟ್ಕೊಳ್ಳಿ. ಎಲ್ಲಿಂದ ಶುರು ಮಾಡ್ಬೇಕು? ಬೇರೆ ರಾಜ್ಯದವರೂ ನಿಮ್ಮ ಕಡೆ ಹೇಗೆ ಅಂತ ಬರೀರಿ, ಎಲ್ಲ ಒಂದೇ ಕಡೆ ಸಿಗಲಿ.

ತುಂಗಾತೀರ

ಇಬ್ಬರದ್ದೂ ಸರಿ. ಇಬ್ಬರೂ ಬೇರೆ ಬೇರೆ ಕಾಲೇಜಿನ ಮಾತಾಡ್ತಿದ್ದಾರೆ, ಅಷ್ಟೇ.

"ಕ್ರೆಡಿಟ್" ಅನ್ನೋ ಒಂದು ಪದದೊಳಗೆ ಮೂರು ಸಂಗತಿ ಕಲಸಿಹೋಗಿವೆ. ಮೊದಲನೇದು ಬರೀ ಯೂನಿಟ್ಟು. ಡಿಗ್ರಿಗೆ ಬೇಕಾದ ಸುಮಾರು 120 ಸೆಮಿಸ್ಟರ್ ಯೂನಿಟ್ಟಿಗೆ ಇಷ್ಟು ಜಮಾ ಅಂತ. ಎರಡನೇದು ಕೋರ್ಸಿಗೆ ಬದಲಿ. ನಮ್ಮ ಕ್ಯಾಲ್ಕುಲಸ್ ಒಂದು ನೀನು ಮಾಡಿದ ಹಾಗೇ, ಮುಂದಿನದಕ್ಕೆ ಹೋಗು ಅಂತ. ಮೂರನೇದು ಪ್ಲೇಸ್‌ಮೆಂಟ್. ಮುಂದಿನ ತರಗತಿಗೆ ಕೂರಿಸ್ತಾರೆ, ಆದರೆ ಯೂನಿಟ್ಟು ಕೊಡಲ್ಲ, ಬಿಟ್ಟ ಕೋರ್ಸಿನ ಜಾಗಕ್ಕೆ ಬೇರೊಂದು ಓದಿ ತುಂಬಿಸ್ಬೇಕು. ಸಮಯ, ದುಡ್ಡು ಎರಡೂ ಉಳಿಸೋದು ಎರಡನೇದು ಮಾತ್ರ. ಬರೀ ಯೂನಿಟ್ಟು ಬಂದ್ರೆ ಕೋರ್ಸ್ ನೋಂದಣಿಯ ಸರದಿ ಬೇಗ ಸಿಗತ್ತೆ, ಅದೂ ಸಣ್ಣ ಲಾಭ ಅಲ್ಲ ಅನ್ನಿ, ಆದರೆ ಡಿಗ್ರಿ ಒಂದು ದಿನವೂ ಗಿಡ್ಡ ಆಗಲ್ಲ.

ಕೊಡುವವರ ಕೈ ಹೇಗಿದೆ ಅಂತ ನೋಡಿ. ಯೂನಿವರ್ಸಿಟಿ ಆಫ್ ಕ್ಯಾಲಿಫೋರ್ನಿಯಾ, ಅಂದ್ರೆ ಯುಸಿ, ಎಪಿಯಲ್ಲಿ 3 ಬಂದ್ರೂ ಯೂನಿಟ್ಟು ಕೊಡತ್ತೆ. ಆದರೆ ಇಂಗ್ಲಿಷ್ ಲ್ಯಾಂಗ್ವೇಜು, ಲಿಟರೇಚರು ಎರಡೂ ಬರೆದ್ರೂ ಸೇರಿ 8 ಕ್ವಾರ್ಟರ್ ಯೂನಿಟ್ಟೇ (ಸುಮಾರು 5.3 ಸೆಮಿಸ್ಟರ್ ಯೂನಿಟ್ಟು) ಮಿತಿ. ಎರಡನೇ ಪರೀಕ್ಷೆಗೆ ಹೆಚ್ಚಿಗೆ ಏನೂ ಇಲ್ಲ. ಅದೇ 3 ಅನ್ನ ಯಾವ ಕೋರ್ಸಿಗೆ ಬದಲಿ ಅಂತ ತಗೋಬೇಕು ಅನ್ನೋದನ್ನ ಯುಸಿಯ ಕ್ಯಾಂಪಸ್ಸುಗಳಾದ ಬರ್ಕ್ಲಿ, ಸ್ಯಾನ್ ಡಿಯಾಗೋ, ಡೇವಿಸ್ ಒಂದೊಂದೂ ಬೇರೆ ತೀರ್ಮಾನ ಮಾಡ್ತವೆ. ಎಂಐಟಿಯಲ್ಲಿ ಕ್ಯಾಲ್ಕುಲಸ್ ಬಿಸಿಗೆ (ಎಪಿಯ ಮೇಲ್ಮಟ್ಟದ ಕ್ಯಾಲ್ಕುಲಸ್ ಪರೀಕ್ಷೆ) 5 ಬಂದ್ರೆ 18.01, ಅಂದ್ರೆ ಅವರ ಮೊದಲ ಕ್ಯಾಲ್ಕುಲಸ್ ಕೋರ್ಸು, ಮಾಡಿದ ಹಾಗೇ ಲೆಕ್ಕ, 4 ಬಂದ್ರೆ ಏನೂ ಇಲ್ಲ. ಕ್ಯಾಲ್‌ಟೆಕ್ ಎಪಿಗೆ ಕ್ರೆಡಿಟ್ಟೇ ಕೊಡಲ್ಲ, ತನ್ನದೇ ಪರೀಕ್ಷೆ ಇಡತ್ತೆ. ಡಾರ್ಟ್‌ಮತ್ 2014ರಲ್ಲಿ ಸೇರಿದ ಬ್ಯಾಚಿನಿಂದ ಎಪಿ ಕ್ರೆಡಿಟ್ ನಿಲ್ಲಿಸಿ ಪ್ಲೇಸ್‌ಮೆಂಟಿಗೆ ಮಾತ್ರ ಇಟ್ಕೊಂಡಿದೆ.

ಆದ್ದರಿಂದ ಹೈಸ್ಕೂಲಿನ ಕೋರ್ಸ್ ಪಟ್ಟಿ ಹಿಡ್ಕೊಂಡು ಶುರು ಮಾಡ್ಬೇಡಿ. ಹೋಗಬಹುದಾದ ಐದಾರು ಕಾಲೇಜು ಬರೀರಿ. ಪ್ರತಿಯೊಂದರ ಎಪಿ ಕೋಷ್ಟಕ ತೆಗೀರಿ, ಅದರ ಪಕ್ಕ ಆ ವಿಭಾಗದ ನಾಲ್ಕು ವರ್ಷದ ಯೋಜನೆ ಇಡಿ. ಕೋಷ್ಟಕದಲ್ಲಿ "ಎಲೆಕ್ಟಿವ್" ಅಂತ ಬರೆದಿದ್ರೆ ಅದು ಗುಂಪಿನಲ್ಲಿ ಗೋವಿಂದ. ಕೋರ್ಸಿನ ಸಂಖ್ಯೆ ಬರೆದಿದ್ದು, ಅದೇ ಸಂಖ್ಯೆ ವಿಭಾಗದ ಯೋಜನೆಯಲ್ಲೂ ಇದ್ರೆ ಮಾತ್ರ ಮಾಡೋಕೆ ಅರ್ಥ ಇದೆ.

ಗಣಿತಮೇಷ್ಟ್ರು

ತುಂಗಕ್ಕ ಹೇಳಿದ್ದಕ್ಕೆ ಒಂದು ಸೇರಿಸ್ತೀನಿ: ಇಂಜಿನಿಯರಿಂಗ್ ಡಿಗ್ರಿಯ ಉದ್ದ ತೀರ್ಮಾನ ಆಗೋದು ಯೂನಿಟ್ಟಿನಿಂದಲ್ಲ, ಸರಪಳಿಯಿಂದ. ಕ್ಯಾಲ್ಕುಲಸ್ ಒಂದು ಆದಮೇಲೆ ಎರಡು, ಆಮೇಲೆ ಮಲ್ಟಿವೇರಿಯಬಲ್ಲು, ಡಿಫರೆನ್ಷಿಯಲ್ ಈಕ್ವೇಷನ್ನು, ಅದರ ಮೇಲೆ ವಿಭಾಗದ ಕೋರ್ಸು. ಆ ಕಡೆ ಪ್ರೋಗ್ರಾಮಿಂಗು, ಡೇಟಾ ಸ್ಟ್ರಕ್ಚರು, ಆಲ್ಗರಿದಮ್ಮು. ಒಂದರ ಹಿಂದೆ ಒಂದೇ ಬರಬೇಕು. 45 ಯೂನಿಟ್ಟು ಸೈಕಾಲಜಿ, ಹ್ಯೂಮನ್ ಜಿಯಾಗ್ರಫಿ, ಎನ್ವಿರಾನ್‌ಮೆಂಟಲ್ ಸೈನ್ಸ್ ಅಂತ ತಂದ್ರೂ ಸರಪಳಿಯ ಒಂದು ಕೊಂಡಿಯೂ ಕಡಿಮೆ ಆಗಿರಲ್ಲ. ಕ್ಯಾಲ್ಕುಲಸ್ ಬಿಸಿ, ಫಿಸಿಕ್ಸ್ ಸಿ ಎರಡೇ ತಂದವನು ಅವನಿಗಿಂತ ಮುಂದಿರ್ತಾನೆ.

ಫಿಸಿಕ್ಸಿನಲ್ಲಿ ತುಂಬ ಜನ ಎಡವೋದು ಇಲ್ಲೇ. ಫಿಸಿಕ್ಸ್ 1, ಫಿಸಿಕ್ಸ್ 2 ಬೀಜಗಣಿತದ ಮೇಲೆ ನಿಂತವು, ಇಂಜಿನಿಯರಿಂಗ್ ವಿಭಾಗಗಳು ಅವನ್ನ ಬದಲಿಗೆ ತಗೊಳ್ಳೋದು ಅಪರೂಪ. ಬೇಕಾಗಿರೋದು ಕ್ಯಾಲ್ಕುಲಸ್ ಬಳಸುವ ಫಿಸಿಕ್ಸ್ ಸಿ, ಅದರಲ್ಲೂ ಮೆಕ್ಯಾನಿಕ್ಸ್ ಒಂದು, ಎಲೆಕ್ಟ್ರಿಸಿಟಿ-ಮ್ಯಾಗ್ನೆಟಿಸಂ ಇನ್ನೊಂದು, ಎರಡು ಬೇರೆ ಬೇರೆ ಪರೀಕ್ಷೆ. ಕಂಪ್ಯೂಟರಿನಲ್ಲೂ ಹಾಗೇ. ಸಿಎಸ್ ಪ್ರಿನ್ಸಿಪಲ್ಸ್ ಬಹುತೇಕ ಕಡೆ ಎಲೆಕ್ಟಿವ್. ಸಿಎಸ್ ಎ ಜಾವಾದಲ್ಲಿದೆ. ಹೋಗುವ ಕಾಲೇಜಿನ ಮೊದಲ ಕೋರ್ಸು ಪೈಥಾನ್ ಅಥವಾ ಸಿ ಪ್ಲಸ್ ಪ್ಲಸ್ ಆಗಿದ್ರೆ ಒಮ್ಮೆ ಕೇಳಿ ನೋಡೋದು ಒಳ್ಳೇದು.

ಇನ್ನು ಬಿಸಿಯಲ್ಲಿ 5 ತಂದು ನೇರ ಮಲ್ಟಿವೇರಿಯಬಲ್ಲಿಗೆ ಹಾರೋ ಮಕ್ಕಳಿಗೆ. ಬಿಸಿ ಪಠ್ಯದಲ್ಲಿ ಇಲ್ಲದೇ ಇರೋದು, ಕಾಲೇಜಿನ ಕ್ಯಾಲ್ಕುಲಸ್ ಎರಡರಲ್ಲಿ ಸಾಮಾನ್ಯವಾಗಿ ಇರೋದು ಇವು: ತ್ರಿಕೋನಮಿತಿ ಆದೇಶ, ಅಂದ್ರೆ ಟ್ರಿಗ್ ಸಬ್‌ಸ್ಟಿಟ್ಯೂಷನ್. ಶೆಲ್ ವಿಧಾನದಲ್ಲಿ ಘನಫಲ. ತಿರುಗಿಸಿದ ಮೇಲ್ಮೈಯ ವಿಸ್ತೀರ್ಣ. ಹೈಪರ್ಬಾಲಿಕ್ ಫಂಕ್ಷನ್. ಗುರುತ್ವ ಕೇಂದ್ರ. ಪಾರ್ಷಿಯಲ್ ಫ್ರಾಕ್ಷನ್ ಇದೆ, ಆದರೆ ಮರುಕಳಿಸದ ರೇಖೀಯ ಅಪವರ್ತನಗಳಷ್ಟೇ. ಛೇದದಲ್ಲಿ ವರ್ಗ ಪದ ಬಂದ್ರೆ ಮಗು ಕಣ್ಣು ಬಿಡತ್ತೆ. ಜೂನ್, ಜುಲೈನಲ್ಲಿ ದಿನಕ್ಕೆ ಒಂದು ಗಂಟೆ, ಮೂರು ವಾರ ಕೂತ್ರೆ ಇವಿಷ್ಟೂ ಮುಗೀತವೆ. ಅದು ಬಿಟ್ಟು ಅಕ್ಟೋಬರಿನಲ್ಲಿ ಗೋಳದ ಮೇಲೆ ಟ್ರಿಪಲ್ ಇಂಟಿಗ್ರಲ್ ಹಾಕುವಾಗ ಟ್ರಿಗ್ ಸಬ್‌ಸ್ಟಿಟ್ಯೂಷನ್ ಹುಡುಕ್ತಾ ಕೂರೋದು ಬೇಡ. 3 ಬಂದವರು, ಕಾಲೇಜು ಒಪ್ಪಿದ್ರೂ, ಕ್ಯಾಲ್ಕುಲಸ್ ಒಂದನ್ನ ಹಾರಿಸ್ಬೇಡಿ ಅಂತ ನನ್ನ ಅಭಿಪ್ರಾಯ.

ಅರೆಕಾಲಿಕ

ಮೇಷ್ಟ್ರೇ, ಹಾಗಾದ್ರೆ ಎಪಿ ಗೋಜೇ ಬೇಡ, ಕಮ್ಯುನಿಟಿ ಕಾಲೇಜಿನಲ್ಲಿ ಅದೇ ಕೋರ್ಸು ಮಾಡಿದ್ರೆ ಆಯ್ತಲ್ಲ? ಮೇ ತಿಂಗಳ ಒಂದು ಬೆಳಗ್ಗಿನ ಪರೀಕ್ಷೆ ಮೇಲೆ ಎಲ್ಲ ನಿಲ್ಲಲ್ಲ. ಮೇಲಾಗಿ ಎಪಿಗೆ 2025ರಲ್ಲೇ ಒಂದಕ್ಕೆ 99 ಡಾಲರ್ ಆಗಿತ್ತು. ನವೆಂಬರಿನಲ್ಲಿ ಆರ್ಡರ್ ತಪ್ಪಿಸಿದ್ರೆ ಮೇಲೆ 40 ಡಾಲರ್ ದಂಡ ಬೇರೆ.

ತುಂಗಾತೀರ

ಆಗತ್ತೆ. ಆದರೆ ಎಪಿಯಲ್ಲಿ 2 ಬಂದ್ರೆ ಯಾರಿಗೂ ಹೇಳದೆ ಸುಮ್ಮನಿರಬಹುದು. ಬರೆದು ಕೊಟ್ರೆ ಅಂಕವನ್ನೇ ರದ್ದು ಮಾಡಿಸಬಹುದು (ಆ ವರ್ಷದ ವರದಿಯಲ್ಲೇ ಬರಬಾರದು ಅಂದ್ರೆ ಜೂನ್ 15ರೊಳಗೆ), ಫೀಸು ಮಾತ್ರ ವಾಪಸ್ ಬರಲ್ಲ. ಕಮ್ಯುನಿಟಿ ಕಾಲೇಜಿನ ಗ್ರೇಡು ಹಾಗಲ್ಲ. ಹದಿನೈದನೇ ವಯಸ್ಸಿನಲ್ಲಿ ಬಿದ್ದ ಡಿ ಮೂವತ್ತನೇ ವಯಸ್ಸಿನಲ್ಲೂ ಟ್ರಾನ್ಸ್‌ಕ್ರಿಪ್ಟಿನಲ್ಲಿ, ಅಂದ್ರೆ ಅಂಕಪಟ್ಟಿಯಲ್ಲಿ, ಕೂತಿರತ್ತೆ. ಅರ್ಜಿಯಲ್ಲಿ ಅದನ್ನ ಬಿಟ್ಟು ಬರೆಯೋ ಹಾಗೂ ಇಲ್ಲ. ಮುಚ್ಚಿಟ್ಟಿದ್ದು ಗೊತ್ತಾದ್ರೆ ಕೊಟ್ಟ ಸೀಟೂ ಹೋಗಬಹುದು.

ಕ್ಯಾಲಿಫೋರ್ನಿಯಾದ ಕ್ರಮ ಹೇಳ್ತೀನಿ, ಇದರಲ್ಲಿ ಒಂದು ಹೆಜ್ಜೆ ತಪ್ಪಿದ್ರೂ ಸೀಟು ಕೈತಪ್ಪತ್ತೆ. ಮೊದಲು ಸಿಸಿಸಿ ಅಪ್ಲೈನಲ್ಲಿ (ಇಲ್ಲಿನ ಕಮ್ಯುನಿಟಿ ಕಾಲೇಜುಗಳ ಆನ್‌ಲೈನ್ ಅರ್ಜಿ ತಾಣ) ಖಾತೆ. ಮಗುವಿನ ಸ್ವಂತ ಇಮೇಲ್ ಹಾಕಿ, ಶಾಲೆಯದ್ದು ಬೇಡ. ಎಷ್ಟೋ ಜಿಲ್ಲೆಗಳಲ್ಲಿ ಶಾಲೆಯ ಇಮೇಲಿಗೆ ಹೊರಗಿನ ಪತ್ರ ಬರೋದೇ ಇಲ್ಲ, ಕಾಲೇಜಿನ ಐಡಿ ಅಲ್ಲೇ ಸಿಕ್ಕಿಹಾಕ್ಕೊಳ್ಳತ್ತೆ. ಅರ್ಜಿಯಲ್ಲಿ ವಿದ್ಯಾಭ್ಯಾಸದ ಸ್ಥಿತಿ ಕೇಳುವಾಗ "ಹೈಸ್ಕೂಲು, ಕಾಲೇಜು ಎರಡರಲ್ಲೂ ಒಟ್ಟಿಗೆ" ಅನ್ನೋದನ್ನೇ ಆರಿಸ್ಬೇಕು. ಗಡಿಬಿಡಿಯಲ್ಲಿ "ಮೊದಲ ಸಲ ಕಾಲೇಜು" ಅಂತ ಒತ್ತಿದ್ರೆ ವ್ಯವಸ್ಥೆ ಮಗುವನ್ನ ಸಾಮಾನ್ಯ ವಿದ್ಯಾರ್ಥಿ ಅಂದ್ಕೊಂಡು ಯೂನಿಟ್ಟಿಗೆ 46 ಡಾಲರ್ ಬಿಲ್ ಕಳಿಸತ್ತೆ. ಅದನ್ನ ಸರಿ ಮಾಡಿಸೋಕೆ ಅಡ್ಮಿಷನ್ಸ್ ಕಚೇರಿಗೆ ಅಲೀಬೇಕು.

ಐಡಿ ಬಂದಮೇಲೆ ಅನುಮತಿ ಪತ್ರ. ಅದಕ್ಕೆ ತಂದೆ ಅಥವಾ ತಾಯಿ, ಹೈಸ್ಕೂಲಿನ ಕೌನ್ಸೆಲರ್ ಅಥವಾ ಪ್ರಿನ್ಸಿಪಾಲ್ ಇಬ್ಬರ ಸಹಿ ಬೇಕು. ಬಹಳಷ್ಟು ಕಾಲೇಜುಗಳಲ್ಲಿ ಪ್ರತಿ ಅವಧಿಗೂ ಹೊಸದಾಗಿ. ಬೇಸಿಗೆ ಕೋರ್ಸಿಗೆ ಸಹಿ ಬೇಕಾದ್ರೆ ಮೇ ತಿಂಗಳೊಳಗೇ ಹಾಕಿಸ್ಕೊಳ್ಳಿ, ಶಾಲೆ ಮುಚ್ಚಿದ ಮೇಲೆ ಕೌನ್ಸೆಲರ್ ಸಿಗಲ್ಲ. ಆಮೇಲೆ ಪ್ರಿರಿಕ್ವಿಸಿಟ್ ತೆರವು: ಕ್ಯಾಲ್ಕುಲಸ್‌ಗೆ ಪ್ರಿಕ್ಯಾಲ್ಕುಲಸ್ ಆಗಿದೆ ಅಂತ ಹೈಸ್ಕೂಲ್ ಟ್ರಾನ್ಸ್‌ಕ್ರಿಪ್ಟ್ ಅಥವಾ ಎಪಿ ಅಂಕ ತೋರಿಸ್ಬೇಕು. ನೋಂದಣಿಯ ದಿನ ಇದು ತೆರವಾಗಿರದಿದ್ರೆ ಕೋರ್ಸೇ ಬೀಗ ಹಾಕಿಕೊಂಡಿರತ್ತೆ. ಹೈಸ್ಕೂಲ್ ಮಕ್ಕಳ ಸರದಿ ಮೊದಲೇ ಕೊನೆಗೆ, ಆ ಹೊತ್ತಿಗೆ ಸಂಜೆ ತರಗತಿಗಳು ತುಂಬಿರ್ತವೆ. ವೇಟ್‌ಲಿಸ್ಟಿನಲ್ಲಿ ಇದ್ರೂ ಮೊದಲ ದಿನ ಹಾಜರಾಗಿ.

ಶುಲ್ಕ ಮನ್ನಾ 11 ಯೂನಿಟ್ಟಿನವರೆಗೆ. 12ನೇದು ಸೇರಿದ ಕೂಡಲೇ ಎಲ್ಲಾ ಯೂನಿಟ್ಟಿಗೂ ಶುಲ್ಕ ಬೀಳತ್ತೆ. ಹೈಸ್ಕೂಲಿನಲ್ಲೇ ಕಾಲೇಜ್ ಜೊತೆ ಒಪ್ಪಂದ ಮಾಡ್ಕೊಂಡು ನಡೆಸುವ ಸಿಸಿಎಪಿ ಕೋರ್ಸುಗಳಿಗೆ 15ರವರೆಗೂ ಬಿಟ್ಟಿ, ಪುಸ್ತಕವೂ ಸೇರಿ. ಉಳಿದ ಕಡೆ ಪುಸ್ತಕ, ಆರೋಗ್ಯ ಶುಲ್ಕ, ಪಾರ್ಕಿಂಗ್ ನಮ್ಮದೇ.

ಯುಸಿ ಅರ್ಜಿಗೆ ಇನ್ನೊಂದು ಲಾಭ ಇದೆ. 3 ಸೆಮಿಸ್ಟರ್ ಯೂನಿಟ್ಟಿನ ಒಂದು ಕೋರ್ಸು ಹೈಸ್ಕೂಲಿನ ಒಂದು ಇಡೀ ವರ್ಷದ ವಿಷಯಕ್ಕೆ ಸಮ. ಎಪಿ ತರಹವೇ ಜಿಪಿಎಗೆ ಹೆಚ್ಚುವರಿ ಅಂಕವೂ ಸೇರತ್ತೆ. ಆ ಹೆಚ್ಚುವರಿ ಎಲ್ಲ ಸೇರಿ 8 ಸೆಮಿಸ್ಟರಿಗೆ ಮಿತಿ, ಅದರಲ್ಲಿ ಹತ್ತನೇ ಗ್ರೇಡಿನವು 4ಕ್ಕಿಂತ ಹೆಚ್ಚಿಲ್ಲ. ಅದಾದಮೇಲೆ ಹದಿನೈದು ಮಾಡಿದ್ರೂ ಯುಸಿ ಲೆಕ್ಕದ ಜಿಪಿಎ ಏರಲ್ಲ. ಪಾಸ್-ನೋ ಪಾಸ್ ಆಯ್ಕೆ ಮಾತ್ರ ಮುಟ್ಟಬೇಡಿ, ಅಕ್ಷರದ ಗ್ರೇಡೇ ಬೇಕು.

ಕೆರೆದಂಡೆ

ಇಷ್ಟು ವಿವರ ಯಾರೂ ಹೇಳಿರ್ಲಿಲ್ಲ ತುಂಗಕ್ಕ. ಕಮ್ಯುನಿಟಿ ಕಾಲೇಜಿನ ಕೋರ್ಸು ಯುಸಿಯ ಯಾವ ಕೋರ್ಸಿಗೆ ಸಮ ಅಂತ ನೋಡೋದು ಅಸಿಸ್ಟ್ ಡಾಟ್ ಆರ್ಗ್‌ನಲ್ಲಿ ತಾನೇ? ಅಲ್ಲಿ ಕೆಲವು ಸಾಲಿನಲ್ಲಿ ಎಡಗಡೆ ಎರಡು ಕೋರ್ಸು, ಬಲಗಡೆ ಮೂರು, ನಡುವೆ "ಮತ್ತು" ಅಂತಿರತ್ತೆ. ಅದೇನು?

ಗಣಿತಮೇಷ್ಟ್ರು

ಆ "ಮತ್ತು"ವಿನ ಹಳ್ಳಕ್ಕೆ ವರ್ಷಕ್ಕೆಷ್ಟು ಮಕ್ಕಳು ಬೀಳ್ತಾರೋ. ಡಿ ಆಂಜಾ, ಫುಟ್‌ಹಿಲ್ ಕಮ್ಯುನಿಟಿ ಕಾಲೇಜುಗಳು ಕ್ವಾರ್ಟರ್ ಪದ್ಧತಿಯವು, ವರ್ಷಕ್ಕೆ ಮೂರು ಕ್ವಾರ್ಟರ್. ಬರ್ಕ್ಲಿ ಸೆಮಿಸ್ಟರ್ ಪದ್ಧತಿ, ವರ್ಷಕ್ಕೆ ಎರಡು. ಒಂದು ವರ್ಷದ ಕ್ಯಾಲ್ಕುಲಸ್ ಅಲ್ಲಿ ಮೂರು ತುಂಡು, ಇಲ್ಲಿ ಎರಡು ತುಂಡು. ಮೂರರಲ್ಲಿ ಎರಡು ಮುಗಿಸಿ ಮೂರನೇದನ್ನ ಬಿಟ್ರೆ ಎರಡನೇ ಸೆಮಿಸ್ಟರಿನ ಕೋರ್ಸಿಗೆ ಬದಲಿ ಸಿಗಲ್ಲ. ಮಾಡಿದ ಎರಡನೇ ತುಂಡು ಎಲೆಕ್ಟಿವ್ ಯೂನಿಟ್ಟಾಗಿ ಮೂಲೆಗೆ ಬೀಳತ್ತೆ. "ಮತ್ತು" ಇರೋ ಕಡೆ ಎಲ್ಲವನ್ನೂ ಒಂದೇ ಕಾಲೇಜಿನಲ್ಲಿ ಮುಗಿಸಿ. ಅರ್ಧ ಡಿ ಆಂಜಾದಲ್ಲಿ, ಇನ್ನರ್ಧ ಸೆಮಿಸ್ಟರ್ ಪದ್ಧತಿಯ ಒಲೋನಿಯಲ್ಲಿ ಮಾಡಿದ್ರೆ ನಡುವಿನ ಅಧ್ಯಾಯಗಳು ಒಂದೋ ಎರಡು ಸಲ ಬರ್ತವೆ, ಇಲ್ಲಾ ಬರೋದೇ ಇಲ್ಲ.

ಯೂನಿಟ್ಟಿನ ಲೆಕ್ಕ ಸುಲಭ. ಕ್ವಾರ್ಟರ್ ಯೂನಿಟ್ಟು ಸೆಮಿಸ್ಟರಿನ ಮೂರರಲ್ಲಿ ಎರಡು ಭಾಗ. 5 ಕ್ವಾರ್ಟರ್ ಯೂನಿಟ್ಟು ಅಂದ್ರೆ 3.33 ಸೆಮಿಸ್ಟರ್. ಹೊರರಾಜ್ಯದ ಕಾಲೇಜು 4 ಯೂನಿಟ್ಟಿನ ಕೋರ್ಸ್ ಬೇಕು ಅಂದ್ರೆ ಇಲ್ಲಿ 0.67 ಕೊರತೆ. ಕೆಲವರು ಮನ್ನಾ ಮಾಡ್ತಾರೆ, ಕೆಲವರು ಇನ್ನೊಂದು ಯೂನಿಟ್ಟು ತುಂಬಿಸು ಅಂತಾರೆ.

ಬೇಸಿಗೆ ಬಗ್ಗೆಯೂ ಹೇಳಿಬಿಡ್ತೀನಿ. 3 ಯೂನಿಟ್ಟು ಅಂದ್ರೆ ವಾರಕ್ಕೆ 3 ಗಂಟೆ ಪಾಠ, ಮನೇಲಿ 6 ಗಂಟೆ ಓದು. ಹದಿನಾರು ವಾರಕ್ಕೆ 144 ಗಂಟೆ. ಅದನ್ನೇ ಆರು ವಾರಕ್ಕೆ ಹಿಂಡಿದ್ರೆ ವಾರಕ್ಕೆ 24. ಕ್ಯಾಲ್ಕುಲಸ್ 5 ಯೂನಿಟ್ಟಿನದ್ದು, ಆರು ವಾರದಲ್ಲಿ ಅದು ವಾರಕ್ಕೆ 40 ಗಂಟೆ. ಜುಲೈನಲ್ಲಿ ಎರಡು ವಾರ ಮೈಸೂರಿಗೆ ಹೋಗಿ ಬರ್ತೀವಿ, ಆನ್‌ಲೈನಲ್ಲಿ ನೋಡ್ಕೊಳ್ತಾನೆ ಅನ್ನೋ ಯೋಜನೆ ಅಲ್ಲಿಗೆ ಮುಗೀತು. ಆನ್‌ಲೈನ್ ಕೋರ್ಸಿನಲ್ಲೂ ಮಿಡ್‌ಟರ್ಮ್ ಕ್ಯಾಂಪಸ್ಸಿನಲ್ಲೇ ಇಡುವ ಅಧ್ಯಾಪಕರಿದ್ದಾರೆ, ಸೇರೋ ಮುಂಚೆ ಸಿಲಬಸ್ಸಿನಲ್ಲಿ ನೋಡಿ.

ಹೇಗೂ ಆಗ್ತಿಲ್ಲ ಅಂದ್ರೆ ಬಿಡೋ ದಿನಾಂಕ ಎರಡಿವೆ. ಅವಧಿಯ ಮೊದಲ 20 ಶೇಕಡಾದೊಳಗೆ ಬಿಟ್ರೆ ಟ್ರಾನ್ಸ್‌ಕ್ರಿಪ್ಟಿನಲ್ಲಿ ಗುರುತೇ ಇರಲ್ಲ. ಆಮೇಲೆ 75 ಶೇಕಡಾದವರೆಗೆ ಬಿಟ್ರೆ "ಡಬ್ಲ್ಯು", ಅಂದ್ರೆ ನಡುವೆ ಬಿಟ್ಟ ಅನ್ನೋ ಗುರುತು. ಅದು ದಾಟಿದ್ರೆ ಗ್ರೇಡು ಬಂದೇ ಬರತ್ತೆ. ತರಗತಿಗೆ ಹೋಗೋದು ನಿಲ್ಲಿಸಿದ್ರೆ ತಾನಾಗೇ ಹೆಸರು ತೆಗೀತಾರೆ ಅನ್ನೋದು ಹೈಸ್ಕೂಲ್ ಅಭ್ಯಾಸ. ಕಾಲೇಜಿನಲ್ಲಿ ನಾವೇ ಪೋರ್ಟಲ್ಲಿಗೆ ಹೋಗಿ ಡ್ರಾಪ್ ಒತ್ತಬೇಕು, ಇಲ್ಲಾಂದ್ರೆ ಎಫ್.

ಜೋಳದರೊಟ್ಟಿ

ಟೆಕ್ಸಸ್ ಕಡೇದು ನಾ ಹೇಳ್ತೀನ್ರಿ. ಇಲ್ಲಿ ಡ್ಯುಯಲ್ ಕ್ರೆಡಿಟ್ ಅಂತಾರ. ಸರ್ಕಾರಿ ಕಾಲೇಜೊಳಗ ಒಂದೇ ನಂಬರ್ ಪದ್ಧತಿ ಐತಿ, ಅದನ್ನ ಓದೂದು ಕಲತ್ರ ಅರ್ಧ ಕೆಲಸ ಆತು. ಮ್ಯಾಥ್ 2413 ಅಂದ್ರ ಕ್ಯಾಲ್ಕುಲಸ್ ಒಂದು. ಮೊದಲನೇ ಅಂಕಿ ಎಷ್ಟನೇ ವರ್ಷದ ಮಟ್ಟ, ಎರಡನೇ ಅಂಕಿ ಎಷ್ಟು ತಾಸಿನ ಕ್ರೆಡಿಟ್. 2413ರೊಳಗ 4. ಇಂಗ್ಲಿಷ್ 1301, 1302 ಅಂದ್ರ ಮೂರು ಮೂರು. ಕೋರ್ ಅಂತ 42 ತಾಸು ಇರತಾವು, ಅಷ್ಟೂ ಮುಗಿಸಿ "ಕೋರ್ ಕಂಪ್ಲೀಟ್" ಅಂತ ಟ್ರಾನ್ಸ್‌ಕ್ರಿಪ್ಟಿನ ಮ್ಯಾಲ ಬರಿಸ್ಕೊಂಡ್ರ ಬ್ಯಾರೆ ಸರ್ಕಾರಿ ಯುನಿವರ್ಸಿಟಿ ಇಡಿಯಾಗಿ ತಗೋಬೇಕು, ಒಂದೊಂದ ಕೆದರಿ ನೋಡಂಗಿಲ್ಲ.

ಆದ್ರ ಇಂಜಿನಿಯರಿಂಗ್ ಹುಡುಗರು ಕೋರ್ ಒಳಗಿನ ಗಣಿತಕ್ಕ ಕಾಲೇಜ್ ಆಲ್ಜಿಬ್ರಾ ತಗೊಂಡು ಕೂತ್ರ ಏನ ಉಪಯೋಗ? ಕೋರ್ ತುಂಬತೈತಿ, ಡಿಗ್ರಿ ಮುಂದ ಹೋಗಂಗಿಲ್ಲ. 2413ನ ತಗೋರಿ.

ಒಳಗ ಹೋಗಾಕ ಟಿಎಸ್ಐ ಪರೀಕ್ಷೆ ಐತಿ. ಗಣಿತಕ್ಕ 950, ಇಂಗ್ಲಿಷ್‌ಗೆ 945 ಮತ್ತ ಪ್ರಬಂಧಕ್ಕ 5 ಬರಬೇಕು. ಎಸ್ಎಟಿ ಅಂಕ ಚಲೋ ಇದ್ರ ಮಾಫಿ. ಇನ್ನ ಎಪಿ ವಿಷಯ. 2015ರ ಕಾನೂನಿನ ಪ್ರಕಾರ ಇಲ್ಲಿ ಸರ್ಕಾರಿ ಕಾಲೇಜು 3 ಬಂದವರಿಗೆ ಕ್ರೆಡಿಟ್ ಕೊಡಬೇಕು, ಹೆಚ್ಚಿಗಿ ಬೇಕು ಅಂದ್ರ ಪುರಾವೆ ತೋರಿಸಬೇಕು. ಯುಟಿ ಆಸ್ಟಿನ್‌ದಾಗ ಎಪಿ ಅಂಕ ಕಳಿಸಿದ್ರ ಸಾಲದು, ಹುಡುಗ ತಾನ ಹೋಗಿ ಕ್ಲೇಮ್ ಮಾಡಬೇಕು. ಬ್ಯಾಡಾದ್ದನ್ನ ಬಿಡಬಹುದು. ಮತ್ತ ಎಪಿ ಯುಎಸ್ ಗವರ್ನ್‌ಮೆಂಟ್ ಬರೆದ್ರೂ ಟೆಕ್ಸಸ್ ಸರ್ಕಾರದ ಬಗ್ಗೆ ಇರೋ 2306 ಬ್ಯಾರೆನ ಮಾಡಬೇಕು, ಮರೀಬ್ಯಾಡ್ರಿ.

ಆನ್‌ರಾಂಪ್ಸ್ ಅಂತ ಯುಟಿದ್ದ ಒಂದು ಐತಿ, ಹೈಸ್ಕೂಲ್ ಮಾಸ್ತರೇ ಕಲಸ್ತಾರ, ಕಾಲೇಜ್ ಗ್ರೇಡ್ ಯುಟಿಯವರು ಕೊಡ್ತಾರ. ಗ್ರೇಡ್ ನೋಡಿದ ಮ್ಯಾಲ ಬೇಕೋ ಬ್ಯಾಡೋ ಅನ್ನೂ ಹಕ್ಕು ಹುಡುಗನ ಕೈಯಾಗ. ಅಂಜೋ ಮಕ್ಕಳಿಗೆ ಇದು ಭಾಳ ಚಲೋ.

ಸಿಯಾಟಲ್‌ಮಳೆ

ವಾಷಿಂಗ್ಟನ್ ರಾಜ್ಯದಲ್ಲಿ ರನ್ನಿಂಗ್ ಸ್ಟಾರ್ಟ್, 1990ರ ಕಾನೂನಿನಿಂದ ಬಂದದ್ದು. ಹನ್ನೊಂದು, ಹನ್ನೆರಡನೇ ಗ್ರೇಡಿನವರು ಬೆಲ್ವ್ಯೂ ಕಾಲೇಜಿನಂಥ ಕಡೆ ಬೋಧನಾ ಶುಲ್ಕ ಇಲ್ಲದೆ ಓದಬಹುದು. ಪುಸ್ತಕ, ಇತರ ಶುಲ್ಕ, ಓಡಾಟ ಕೈಯಿಂದ. 5 ಕ್ವಾರ್ಟರ್ ಕ್ರೆಡಿಟ್ಟಿನ ಒಂದು ಕೋರ್ಸು ಹೈಸ್ಕೂಲಿನ ಒಂದು ಪೂರ್ತಿ ಕ್ರೆಡಿಟ್ಟು, ಅಂದರೆ ಹತ್ತು ಹನ್ನೊಂದು ವಾರದ ಇಂಗ್ಲಿಷ್ 101 ಒಂದು ವರ್ಷದ ಇಂಗ್ಲಿಷಿಗೆ ಸಮ.

ತೊಡಕು ಎರಡು. ಪ್ರತಿ ಕ್ವಾರ್ಟರಿಗೂ ಹೈಸ್ಕೂಲ್ ಕೌನ್ಸೆಲರ್ ಸಹಿ ಹಾಕಿದ ವೆರಿಫಿಕೇಷನ್ ಫಾರಂ ಬೇಕು. ಅದರಲ್ಲಿ ಬರೆದ ಮಿತಿಗಿಂತ ಒಂದು ಕ್ರೆಡಿಟ್ ಹೆಚ್ಚಾದರೂ ಅಷ್ಟಕ್ಕೆ ಬಿಲ್ ಬರುತ್ತದೆ. ಇನ್ನೊಂದು ಕ್ಯಾಲೆಂಡರ್. ಹೈಸ್ಕೂಲ್ ಸೆಪ್ಟೆಂಬರ್ ಶುರುವಿಗೆ, ಕಾಲೇಜ್ ಕೊನೆಯ ವಾರಕ್ಕೆ. ವಸಂತದ ರಜೆಗಳೂ ಹೊಂದುವುದಿಲ್ಲ. ಎರಡೂ ಕಡೆ ಅರ್ಧರ್ಧ ಓದುವವರಿಗೆ ರಜೆಯೇ ಇರುವುದಿಲ್ಲ.

90 ಕ್ರೆಡಿಟ್ ಮುಗಿಸಿ ವರ್ಗಾವಣೆಯ ಅಸೋಸಿಯೇಟ್ ಡಿಗ್ರಿ ತೆಗೆದರೆ ರಾಜ್ಯದ ವಿಶ್ವವಿದ್ಯಾಲಯಗಳ ಸಾಮಾನ್ಯ ವಿಷಯಗಳು ಮುಗಿದ ಹಾಗೆ. ಇಂಜಿನಿಯರಿಂಗ್‌ಗೆ ಹೋಗುವವರು ಆ ಡಿಗ್ರಿಯ ಹಿಂದೆ ಬೀಳದೆ ಗಣಿತ, ಭೌತ, ರಸಾಯನದ ಸರಣಿ ಮುಗಿಸುವುದು ಮೇಲು. ಮೇಷ್ಟ್ರು ಹೇಳಿದ ಸರಪಳಿಯೇ ಇಲ್ಲೂ.

ಅರೆಕಾಲಿಕ

ಇಷ್ಟು ಮಾಡಿ ಅಸೋಸಿಯೇಟ್ ಡಿಗ್ರಿ ತಗೊಂಡ್ರೆ ಟ್ರಾನ್ಸ್‌ಫರ್ ವಿದ್ಯಾರ್ಥಿ ಆಗಿ ಫ್ರೆಷ್‌ಮನ್ ಸ್ಕಾಲರ್‌ಶಿಪ್ ಹೋಗಲ್ವಾ? ಮೆಡಿಸಿನ್‌ಗೆ ಹೋಗೋರಿಗೆ ಇದು ತೊಂದರೆ ಅಂತಲೂ ಕೇಳ್ಪಟ್ಟಿದ್ದೀನಿ.

ತುಂಗಾತೀರ

ಹೈಸ್ಕೂಲ್ ಮುಗಿಯೋ ಮುಂಚೆ ಗಳಿಸಿದ್ದು ಎಷ್ಟೇ ಇರಲಿ, ಅರ್ಜಿ ಫ್ರೆಷ್‌ಮನ್ ಆಗಿಯೇ. ಹೈಸ್ಕೂಲ್ ಮುಗಿಸಿ ಸೆಪ್ಟೆಂಬರಿನಲ್ಲಿ ಇನ್ನೊಂದು ಕೋರ್ಸು ಅಂತ ಕಮ್ಯುನಿಟಿ ಕಾಲೇಜಿಗೆ ಹೋದ್ರೆ ಮಾತ್ರ ಬಹಳಷ್ಟು ಕಡೆ ಟ್ರಾನ್ಸ್‌ಫರ್ ಸಾಲಿಗೆ ಬೀಳ್ತಾರೆ.

ಮೆಡಿಸಿನ್ ವಿಷಯ ನಿಜ. ಆಮ್‌ಕ್ಯಾಸ್ ಅರ್ಜಿಗೆ (ಮೆಡಿಕಲ್ ಕಾಲೇಜುಗಳ ಸಾಮಾನ್ಯ ಅರ್ಜಿ) ಹೈಸ್ಕೂಲಿನಲ್ಲಿದ್ದಾಗ ಓದಿದ ಕಾಲೇಜ್ ಕೋರ್ಸಿನ ಟ್ರಾನ್ಸ್‌ಕ್ರಿಪ್ಟೂ ಕೊಡ್ಬೇಕು, ಗ್ರೇಡು ಅವರ ಜಿಪಿಎಗೆ ಸೇರತ್ತೆ. ಎಪಿ ಬಯಾಲಜಿ, ಕೆಮಿಸ್ಟ್ರಿಯನ್ನ ಎಷ್ಟೋ ಮೆಡಿಕಲ್ ಕಾಲೇಜುಗಳು ಪ್ರಿರಿಕ್ವಿಸಿಟ್ ಅಂತ ಒಪ್ಪಲ್ಲ. ಆ ದಾರಿಯವರು ಕ್ರೆಡಿಟ್ ಸಿಕ್ಕಿದ್ರೂ ವಿಜ್ಞಾನದ ಲ್ಯಾಬ್ ಕೋರ್ಸನ್ನ ಡಿಗ್ರಿ ಕಾಲೇಜಿನಲ್ಲೇ ಮಾಡ್ಲಿ. ಇತಿಹಾಸ, ಇಂಗ್ಲಿಷ್ ಹೈಸ್ಕೂಲಿನಲ್ಲಿ ಮುಗಿಸ್ಕೊಳ್ಳಿ.

ಖಾಸಗಿ ಕಾಲೇಜುಗಳಲ್ಲಿ ಇನ್ನೂ ಒಂದು ಗೋಡೆ ಇದೆ. ಹೈಸ್ಕೂಲ್ ಪಾಸಾಗೋಕೆ ಬಳಸಿದ ಕೋರ್ಸಿಗೆ ಮತ್ತೆ ಕಾಲೇಜ್ ಕ್ರೆಡಿಟ್ ಕೊಡಲ್ಲ ಅಂತ ನಿಯಮ ಇಟ್ಟವರು ಬಹಳ. ಹೈಸ್ಕೂಲ್ ಕಟ್ಟಡದಲ್ಲಿ, ಹೈಸ್ಕೂಲ್ ಶಿಕ್ಷಕರು ಕಲಿಸಿದ್ದಕ್ಕೂ ಕೆಲವರು ಬೇಡ ಅಂತಾರೆ. ಸಿರಾಕ್ಯೂಸ್ ವಿಶ್ವವಿದ್ಯಾಲಯದ ಪ್ರಾಜೆಕ್ಟ್ ಅಡ್ವಾನ್ಸ್‌ನಂಥ ಕಾರ್ಯಕ್ರಮ 1970ರ ದಶಕದಿಂದ ನಡೀತಾ ಇದ್ರೂ ಹೋಗುವ ಕಾಲೇಜನ್ನ ಕೇಳಿಯೇ ಸೇರ್ಬೇಕು. ಸಿಲಬಸ್ಸು, ಬರೆದ ಪ್ರಬಂಧ, ಲ್ಯಾಬ್ ಪುಸ್ತಕ ಎಲ್ಲ ಪಿಡಿಎಫ್ ಮಾಡಿ ಇಟ್ಕೊಳ್ಳಿ. ವಿಭಾಗದವರು ಅನುಮಾನಪಟ್ರೆ ಕೇಳೋದು ಅದನ್ನೇ.

ಜೋಳದರೊಟ್ಟಿ

ಕ್ಲೆಪ್ ಬಗ್ಗೆ ಯಾರೂ ಅನ್ನಲಿಲ್ಲಲ್ರಿ. ಎಪಿ ನಡೆಸೋ ಕಾಲೇಜ್ ಬೋರ್ಡಿಂದ್ದ, ಬರೆದು ಪಾಸಾದ್ರ ಕಾಲೇಜ್ ಕ್ರೆಡಿಟ್ ಕೊಡಿಸೋ ಪರೀಕ್ಷೆ, 34 ವಿಷಯ, ಒಂದೊಂದು ಸುಮಾರು 90 ನಿಮಿಷ, 20ರಿಂದ 80ರ ಅಂಕ, ಶಿಫಾರಸು 50. ವರ್ಷದಾಗ ಯಾವಾಗ ಬೇಕಾದ್ರೂ ಬರೀಬಹುದು, ಬಿದ್ರ ಮೂರು ತಿಂಗಳು ಕಾಯಬೇಕು. ಮಾಡರ್ನ್ ಸ್ಟೇಟ್ಸ್ ಅನ್ನೋರ ಬಿಟ್ಟಿ ಆನ್‌ಲೈನ್ ಪಾಠ ಅದಾವು. ಟೆಕ್ಸಸ್, ಫ್ಲೋರಿಡಾ ಸರ್ಕಾರಿ ಕಾಲೇಜಿಗೆ ಹೋಗೋರಿಗೆ ಇದರಷ್ಟು ಅಗ್ಗ ಇನ್ನೊಂದಿಲ್ಲ. ಯುಸಿಗೆ ಹೋಗೋರು ಮುಟ್ಟಬ್ಯಾಡ್ರಿ, ಅವರು ತಗೋಳಂಗಿಲ್ಲ.

ಕೆರೆದಂಡೆ

ಕನ್ನಡಕ್ಕೆ ಏನಾದ್ರೂ ಸಿಗತ್ತಾ? ಭಾನುವಾರದ ಕನ್ನಡ ಶಾಲೆಗೆ ಹೋಗೋ ಮಕ್ಕಳು ಬಹಳ ಇದ್ದಾರೆ. ಎಚ್-4 ವೀಸಾದ ಮಕ್ಕಳಿಗೆ ಇದೆಲ್ಲ ಆಗತ್ತಾ ಅಂತಲೂ ಕೇಳ್ತಾರೆ.

ತುಂಗಾತೀರ

ಎಪಿಯಲ್ಲಿ ಭಾರತದ ಯಾವ ಭಾಷೆಯೂ ಇಲ್ಲ. ಕ್ಲೆಪ್‌ನಲ್ಲಿ ಸ್ಪ್ಯಾನಿಷ್, ಫ್ರೆಂಚ್, ಜರ್ಮನ್ ಮಾತ್ರ. ಕನ್ನಡಕ್ಕೆ ಇರುವ ದಾರಿ ಭಾಷಾ ಸಾಮರ್ಥ್ಯದ ಪರೀಕ್ಷೆ ಬರೆದು ಸೀಲ್ ಆಫ್ ಬೈಲಿಟರಸಿ (ಎರಡು ಭಾಷೆ ಚೆನ್ನಾಗಿ ಬಲ್ಲವರು ಅನ್ನೋ ಮನ್ನಣೆ) ತಗೊಳ್ಳೋದು. ನಿಮ್ಮ ಶಾಲಾ ಜಿಲ್ಲೆ ಕನ್ನಡಕ್ಕೆ ಯಾವ ಪರೀಕ್ಷೆ ಒಪ್ಪತ್ತೆ ಅಂತ ಕೌನ್ಸೆಲರನ್ನ ಕೇಳಿ. ಕ್ಯಾಲಿಫೋರ್ನಿಯಾದಲ್ಲಿ ಆ ಸೀಲ್ ಡಿಪ್ಲೊಮಾ ಮೇಲಿನ ಮುದ್ರೆ, ಅದರಿಂದ ತಾನಾಗೇ ಕಾಲೇಜ್ ಕ್ರೆಡಿಟ್ ಬರಲ್ಲ. ಮಿನ್ನೆಸೋಟಾದಲ್ಲಾದ್ರೆ ಕಾನೂನೇ ಇದೆ: ಮಿನ್ನೆಸೋಟಾ ಸ್ಟೇಟ್ ಕಾಲೇಜುಗಳು ಸೀಲಿಗೆ ಭಾಷಾ ಕ್ರೆಡಿಟ್ ಕೊಡ್ಬೇಕು, ಹೈಸ್ಕೂಲ್ ಮುಗಿಸಿ ಮೂರು ವರ್ಷದೊಳಗೆ ಕೇಳ್ಬೇಕು. ನಮ್ಮ ಮಕ್ಕಳು ಮಾತಾಡೋದರಲ್ಲಿ ದಾಟ್ತಾರೆ, ಬರೆಯೋದರಲ್ಲಿ ಬೀಳ್ತಾರೆ. ಒತ್ತಕ್ಷರ ಸರಿ ಬರೋ ತನಕ ಪರೀಕ್ಷೆಗೆ ಕಟ್ಟಬೇಡಿ.

ಎಚ್-4 ಮಕ್ಕಳು ಓದೋಕೆ ಬೇರೆ ಅನುಮತಿ ಬೇಡ, ಡ್ಯುಯಲ್ ಎನ್ರೋಲ್‌ಮೆಂಟೂ (ಹೈಸ್ಕೂಲಿನ ಜೊತೆಗೇ ಕಾಲೇಜು) ಸೇರಿ. ಸಂಬಳದ ಕೆಲಸ ಕೂಡದು, ಆದ್ದರಿಂದ ಕಾಲೇಜಿನವರು "ಟ್ಯೂಟರ್ ಕೆಲಸಕ್ಕೆ ಬರ್ತೀಯಾ" ಅಂದ್ರೆ ಒಪ್ಪಬಾರದು. ಅರ್ಜಿಯಲ್ಲಿ ವೀಸಾ ಕಾಲಂ ಖಾಲಿ ಬಿಟ್ರೆ ಹೊರರಾಜ್ಯದವರ ದರ ಹಾಕ್ತಾರೆ. ಎಚ್-4 ಅಂತ ಬರೆದು, ರಾಜ್ಯದಲ್ಲಿ ಇಷ್ಟು ದಿನದಿಂದ ವಾಸ ಅಂತ ದಾಖಲೆ ಲಗತ್ತಿಸಿ.

ಜಯನಗರ4ನೇಬ್ಲಾಕ್

ಬೆಂಗಳೂರಿಂದ ಬರೀತಿದ್ದೀನಿ. ಇಲ್ಲೂ ಅಂತರರಾಷ್ಟ್ರೀಯ ಶಾಲೆ ಮಕ್ಕಳು ಎಪಿ ಬರೀತಾರೆ. ಅಮೆರಿಕದ ಹೊರಗೆ ಶುಲ್ಕ ಹೆಚ್ಚು, 2025ರಲ್ಲಿ 129 ಡಾಲರ್, ಅದರ ಮೇಲೆ ಕೇಂದ್ರದವರು ತಮ್ಮದೂ ಸೇರಿಸ್ತಾರೆ. ಐಬಿ (ಇಂಟರ್‌ನ್ಯಾಷನಲ್ ಬ್ಯಾಕಲೋರಿಯೇಟ್ ಪಠ್ಯಕ್ರಮ) ಓದೋರು ಹೈಯರ್ ಲೆವೆಲ್ ವಿಷಯಕ್ಕೆ ಮಾತ್ರ ಕ್ರೆಡಿಟ್ ನಿರೀಕ್ಷೆ ಮಾಡಿ. ಯುಸಿ ಮಾತ್ರ 30 ಅಥವಾ ಹೆಚ್ಚು ಅಂಕದ ಪೂರ್ತಿ ಡಿಪ್ಲೊಮಾಗೆ ಇಡಿಯಾಗಿ 30 ಕ್ವಾರ್ಟರ್ ಯೂನಿಟ್ಟು ಕೊಡತ್ತೆ. ನಮ್ಮ ಪಿಯುಸಿಯಲ್ಲಿ ಡಿಗ್ರಿಗೆ ಸೇರುವ ಕ್ರೆಡಿಟ್ ಅನ್ನೋ ಮಾತೇ ಇಲ್ಲ. 2023ರ ರಾಷ್ಟ್ರೀಯ ಕ್ರೆಡಿಟ್ ಚೌಕಟ್ಟು ಶಾಲೆಯ 1200 ಗಂಟೆಗೆ 40 ಕ್ರೆಡಿಟ್ ಅಂತ ಅಳತೆ ಹಾಕಿದೆ, ಆದರೆ ಅದು ಹನ್ನೆರಡನೇ ತರಗತಿಯನ್ನ ಹನ್ನೆರಡನೇ ತರಗತಿ ಅಂತಲೇ ಎಣಿಸತ್ತೆ, ಬಿಇ ಮೊದಲ ಸೆಮಿಸ್ಟರ್ ಬಿಡಿಸಲ್ಲ.

ಅರೆಕಾಲಿಕ

ಕೊನೇದಾಗಿ ಒಂದು. ಕಾಲೇಜಿನ ಪೋರ್ಟಲ್ಲಿನಲ್ಲಿ ಅಪ್ಪ ಅಮ್ಮ ಗ್ರೇಡು ನೋಡೋ ದಾರಿ ಯಾವುದು? ಹೈಸ್ಕೂಲಿನದ್ದರಲ್ಲಿ ಇರೋ ತರಹ ಪೇರೆಂಟ್ ಲಾಗಿನ್ ಕಾಣ್ತಿಲ್ಲ.

ತುಂಗಾತೀರ

ಇಲ್ಲ, ಇರೋದೂ ಇಲ್ಲ. ವಿದ್ಯಾರ್ಥಿಯ ದಾಖಲೆ ಗುಟ್ಟಾಗಿಡೋ ಫೆರ್ಪಾ ಕಾನೂನಿನ ಪ್ರಕಾರ ಕಾಲೇಜಿಗೆ ಸೇರಿದ ದಿನದಿಂದ ದಾಖಲೆಯ ಹಕ್ಕು ವಿದ್ಯಾರ್ಥಿಗೆ, ವಯಸ್ಸು ಹದಿನೈದೇ ಆಗಿರಲಿ. ಅಧ್ಯಾಪಕರಿಗೆ ನೀವು ಇಮೇಲ್ ಮಾಡಿದ್ರೆ ಉತ್ತರ ಬರಲ್ಲ. ಮಗುವೇ ಬರೀಬೇಕು, ಕೋರ್ಸಿನ ಸಂಖ್ಯೆ, ಸೆಕ್ಷನ್ ಹಾಕಿ. ಕಾಲೇಜು ಹೈಸ್ಕೂಲಿಗೆ ಕಳಿಸಿದ ಗ್ರೇಡನ್ನ ಹೈಸ್ಕೂಲಿನಲ್ಲಿ ಕೇಳಿ ನೋಡಬಹುದು.

ಇನ್ನೊಂದು, ಹನ್ನೆರಡನೇ ಗ್ರೇಡಿನವರಿಗೆ ಈಗಲೇ ಬೇಕಾಗಿದ್ದು. ಹೈಸ್ಕೂಲ್ ಟ್ರಾನ್ಸ್‌ಕ್ರಿಪ್ಟಿನಲ್ಲಿ ಕಾಲೇಜ್ ಕೋರ್ಸ್ ನಮೂದಾಗಿದ್ರೂ ಸಾಲದು, ಓದಿದ ಒಂದೊಂದು ಕಮ್ಯುನಿಟಿ ಕಾಲೇಜಿನಿಂದಲೂ ನೇರವಾಗಿ ಕಳಿಸ್ಬೇಕು. ವಸಂತದ ಗ್ರೇಡು ಬಿದ್ದಮೇಲೆ ಆರ್ಡರ್ ಮಾಡಿ. "ಗ್ರೇಡ್ ಬರುವ ತನಕ ತಡೆ ಹಿಡಿ" ಅನ್ನೋ ಗುಂಡಿ ಒತ್ತದೇ ಇದ್ರೆ ಅರ್ಧಂಬರ್ಧ ಟ್ರಾನ್ಸ್‌ಕ್ರಿಪ್ಟ್ ಹೋಗಿ ಕೂರತ್ತೆ. ಯುಸಿಗೆ ಟ್ರಾನ್ಸ್‌ಕ್ರಿಪ್ಟ್ ಜುಲೈ 1, ಎಪಿ ಅಂಕ ಜುಲೈ 15. ಎಪಿಯ ಬಿಟ್ಟಿ ಕಳಿಸುವಿಕೆ ವರ್ಷಕ್ಕೊಂದು, ಜೂನ್ 20ರೊಳಗೆ ಕಾಲೇಜಿನ ಹೆಸರು ಆರಿಸಿಟ್ಟಿರ್ಬೇಕು. ತಪ್ಪಿದ್ರೆ ದುಡ್ಡು ಕೊಟ್ಟು ಕಳಿಸೋದು.